ಹೊಟ್ಟೆ ತುಂಬಿದವರು ಅಂಗಡಿ ಇಡುವುದೇಕೆ?

ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಹೋಗದವರ ಮನೆ ಇರಬಹುದು. ಗಲ್ಫಿನ ಮಾತು ಕೇಳದ ಮನೆ ಇರಲಾರದು. ದುಬಾಯಿಯ ದೇರಾ ಎಲ್ಲಿ, ಶಾರ್ಜಾದ ರೋಲಾ ಎಲ್ಲಿ ಎಂಬುದು ನಮ್ಮ ಎಂಟನೆಯ ತರಗತಿಯ ಹುಡುಗನಿಗೂ ಗೊತ್ತು. ಬೆಂಗಳೂರಿನ ಮಲ್ಲೇಶ್ವರ ಎಲ್ಲಿ ಎಂದರೆ ಅವನು ತಡವರಿಸಿಯಾನು. ದಿರ್ಹಮಿಗೆ ಇಂದು ಎಷ್ಟು ರೂಪಾಯಿ, ಅಲ್ಲಿ ಚಿನ್ನಕ್ಕೆ ಏನು ಬೆಲೆ, ಯಾವ ವಿಮಾನಕ್ಕೆ ಟಿಕೇಟು ಅಗ್ಗ ಎಂಬುದೆಲ್ಲ ನಮಗೆ ಬಾಯಿಪಾಠ. ಇಷ್ಟೆಲ್ಲ ತಿಳಿದ ನಾವು ಆ ನಾಡಿನ ಹೆಂಗಸರ ಕುರಿತು ತಿಳಿದಿರುವುದು ಮಾತ್ರ ಬಹಳ ಸ್ವಲ್ಪ. ಕಪ್ಪು ಉಡುಪು, ದೊಡ್ಡ ಕಾರು, ಕೈತುಂಬ ಚಿನ್ನ, ಇಷ್ಟಕ್ಕೆ ನಮ್ಮ ಕಲ್ಪನೆ ಮುಗಿಯುತ್ತದೆ.

ಆದ್ದರಿಂದಲೇ ಆ ಹೆಂಗಸರು ಈಗ ಸ್ವಂತ ವ್ಯಾಪಾರಕ್ಕೆ ಇಳಿಯುತ್ತಿದ್ದಾರೆಂದು ಕೇಳಿದಾಗ ನಮ್ಮವರಿಗೆ ನಗು ಬರುತ್ತದೆ. ಉಣ್ಣಲು ಉಡಲು ಕೊರತೆಯಿಲ್ಲ, ಸರಕಾರವೇ ಮನೆ ಕಟ್ಟಿಕೊಳ್ಳಲು ನೆರವಾಗುತ್ತದೆ, ಮಕ್ಕಳಿಗೆ ಓದು ಪುಕ್ಕಟೆ, ಬೇಕಾದರೆ ಸರಕಾರಿ ಕೆಲಸವೂ ಉಂಟು. ಇಂಥವರಿಗೆ ಅಂಗಡಿಯ ಉಸಾಬರಿ ಯಾಕೆ? ಹೊತ್ತು ಹೋಗುವುದಿಲ್ಲ, ಅದಕ್ಕೆ! ಈ ತೀರ್ಮಾನವನ್ನು ನಾವು ಬಸ್ಸಿನಲ್ಲಿಯೂ ಕೇಳಿದ್ದೇವೆ, ಅಧ್ಯಾಪಕರ ಕೊಠಡಿಯಲ್ಲಿಯೂ ಕೇಳಿದ್ದೇವೆ. ನಮಗೆ ಈ ತೀರ್ಮಾನ ಸರಿಯೆನಿಸುವುದಿಲ್ಲ.

ನಮ್ಮ ಕಡೆ ಹೆಣ್ಣು ದುಡಿಮೆಗೆ ಇಳಿಯುವುದು ಬಹುಮಟ್ಟಿಗೆ ಕೊರತೆಯಿಂದ. ಗಂಡನ ದುಡಿಮೆ ಸಾಲದಾಗ ಬೀಡಿ ಕಟ್ಟುತ್ತಾರೆ, ಹೊಲಿಗೆ ಯಂತ್ರ ತರುತ್ತಾರೆ, ಹಪ್ಪಳ ಒತ್ತುತ್ತಾರೆ. 1998ರಿಂದ ಕೇರಳದಲ್ಲಿ ಬೇರೂರಿದ ಕುಟುಂಬಶ್ರೀ ಹುಟ್ಟಿದ್ದೂ ಬಡತನ ನಿವಾರಣೆಗಾಗಿಯೇ. ಹೀಗಾಗಿ ಹೆಣ್ಣಿನ ಉದ್ಯಮವೆಂದರೆ ಅದರ ಹಿಂದೆ ಒಂದು ಖಾಲಿ ಪಾತ್ರೆ ಇರಲೇಬೇಕೆಂದು ನಾವು ಭಾವಿಸಿದ್ದೇವೆ. ಉದ್ಯಮಗಳನ್ನು ಅಭ್ಯಸಿಸುವ ವಿದ್ವಾಂಸರು ಬೇರೆ ದಾರಿಯಿಲ್ಲದೆ ವ್ಯಾಪಾರಕ್ಕೆ ಇಳಿದವರು ಒಂದು ಬಗೆ, ಅವಕಾಶ ಕಂಡು ಇಳಿದವರು ಇನ್ನೊಂದು ಬಗೆ ಎಂದು ವಿಂಗಡಿಸುತ್ತಾರೆ. ಎಮಿರಾತಿ ಹೆಂಗಸರು, ಅಂದರೆ ಆ ದೇಶದ ಪೌರತ್ವ ಪಡೆದವರು, ಹೆಚ್ಚಾಗಿ ಎರಡನೆಯ ಬಗೆಯವರು. ಹಸಿವನ್ನು ತೆಗೆದು ಹಾಕಿದ ಮೇಲೆ ಮನುಷ್ಯ ಯಾವುದಕ್ಕಾಗಿ ದುಡಿಯುತ್ತಾನೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಸಿಕ್ಕೀತು. ಅದರಿಂದಲೇ ಈ ವಿಷಯ ನಮಗೆ ಮುಖ್ಯವಾಗಿ ತೋರಿದೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಈ ಸಂಪತ್ತು ಬಂದು ಬಹಳ ಕಾಲವಾಗಿಲ್ಲ. ಅಬುಧಾಬಿಯಿಂದ ಮೊದಲ ಎಣ್ಣೆ ಹಡಗು ಹೊರಟದ್ದು 1962ರಲ್ಲಿ. ಅದಕ್ಕೆ ಮುಂಚೆ ಆ ಕರಾವಳಿಯ ಬದುಕೆಲ್ಲ ಮುತ್ತಿನ ಮೇಲೆ. ಬೇಸಿಗೆ ಬಂತೆಂದರೆ ಗಂಡಸರು ದೋಣಿ ಹತ್ತಿ ಮುತ್ತಿನ ಹಾಸುಗಳ ಕಡೆಗೆ ಹೋಗುತ್ತಿದ್ದರು; ಮೂರು ನಾಲ್ಕು ತಿಂಗಳು ಊರಲ್ಲಿ ಗಂಡು ಸಂಖ್ಯೆ ಕಡಿಮೆ. ಆ ದಿನಗಳಲ್ಲಿ ಮನೆ, ಆಡು, ಖರ್ಜೂರದ ತೋಟ, ನೀರು, ಸಾಲದ ಲೆಕ್ಕ ಎಲ್ಲವೂ ಹೆಂಗಸರದೇ. ಅವರು ಖರ್ಜೂರದ ಗರಿಯಿಂದ ಚಾಪೆ ಬುಟ್ಟಿ ಹೆಣೆದರು, ಉಣ್ಣೆಯಿಂದ ‘ಸದು’ ನೇಯ್ದರು, ಬೆಳ್ಳಿ ಎಳೆ ಸೇರಿಸಿ ‘ತಲ್ಲಿ’ ಎಂಬ ಪಟ್ಟಿಯನ್ನು ಉಡುಪಿನ ಅಂಚಿಗೆ ಹೆಣೆದರು. ಈ ಎರಡು ಕಸುಬುಗಳನ್ನೂ ಯುನೆಸ್ಕೋ ತನ್ನ ಪಟ್ಟಿಗಳಿಗೆ ಸೇರಿಸಿಕೊಂಡಿದೆ: ಸದುವನ್ನು 2011ರಲ್ಲಿ, ತಲ್ಲಿಯನ್ನು 2022ರಲ್ಲಿ. ಜಪಾನಿನವರು ಬೆಳೆಸಿದ ಮುತ್ತು ಪೇಟೆಗೆ ಬಂದದ್ದು, 1929ರ ತರುವಾಯ ಜಗತ್ತಿನ ವ್ಯಾಪಾರವೇ ಕುಸಿದದ್ದು, ಎರಡೂ ಸೇರಿ ಆ ಕರಾವಳಿಯನ್ನು ಉಪವಾಸಕ್ಕೆ ತಳ್ಳಿದುವು. ಈಗಿನ ಅಂಗಡಿ ಒಡತಿಯರ ಅಜ್ಜಿಯಂದಿರು ಕಂಡದ್ದು ಆ ಕಾಲವನ್ನು. (ಆಗ ಅಲ್ಲಿ ನಡೆಯುತ್ತಿದ್ದ ನಾಣ್ಯ ನಮ್ಮ ರೂಪಾಯಿಯೇ ಎಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. 1959ರಲ್ಲಿ ಗಲ್ಫಿಗೆಂದೇ ಬೇರೆ ರೂಪಾಯಿ ನೋಟು ಹೊರಬಂತು. 1966ರಲ್ಲಿ ಭಾರತ ರೂಪಾಯಿಯ ಮೌಲ್ಯ ಇಳಿಸಿದಾಗ ಅವರು ಅದನ್ನು ಕೈಬಿಟ್ಟರು.)

ಎಂದರೆ, ಹೆಣ್ಣು ವ್ಯವಹಾರ ನಡೆಸುವುದು ಅಲ್ಲಿ ಹೊಸತಲ್ಲ. ಎಣ್ಣೆಯ ಹಣ ಬಂದ ಮೊದಲ ತಲೆಮಾರಿನಲ್ಲಿ ಹೆಂಗಸರು ಕೆಲಸದಿಂದ ಹಿಂದೆ ಸರಿದರು. ಸರಿಯಬಹುದಾದಷ್ಟು ಅನುಕೂಲ ಒದಗಿತ್ತು. ನಾವು ಕಂಡು ಹೇಳುತ್ತಿರುವ ‘ಸುಖಿ ಅರಬ್ಬೀ ಹೆಂಗಸು’ ಆ ಒಂದು ತಲೆಮಾರಿನ ಚಿತ್ರ ಮಾತ್ರ.

ಆ ಚಿತ್ರವನ್ನು ಬದಲಿಸಿದ್ದು ಶಾಲೆ. ಮಾಸ್ತರಿಕೆಯ ಅಭಿಮಾನದಿಂದ ನಾವು ಹೀಗೆ ಹೇಳುತ್ತಿದ್ದೇವೆಂದು ಯಾರೂ ತಿಳಿಯಬೇಕಾಗಿಲ್ಲ. ಕಾಲಾನುಕ್ರಮವನ್ನು ನೋಡಿದರೆ ಸಾಕು. 1971ರ ಡಿಸೆಂಬರ 2ರಂದು ಸಂಯುಕ್ತ ಅರಬ್ ಸಂಸ್ಥಾನ ಹುಟ್ಟಿತು. 1973ರಲ್ಲಿ ಅಬುಧಾಬಿಯಲ್ಲಿ ಮೊದಲ ಮಹಿಳಾ ಸಂಘ, 1975ರಲ್ಲಿ ಶೇಖಾ ಫಾತಿಮಾ ಬಿಂತ್ ಮುಬಾರಕ್ ಅವರ ನೇತೃತ್ವದಲ್ಲಿ ಇಡೀ ದೇಶದ ಮಹಿಳಾ ಒಕ್ಕೂಟ. ಅಕ್ಷರ ಕಲಿಸುವುದೇ ಅವರ ಮೊದಲ ಕೆಲಸಗಳಲ್ಲೊಂದಾಗಿತ್ತು. 1976ರಲ್ಲಿ ಅಲ್ ಐನ್ ಪಟ್ಟಣದಲ್ಲಿ ವಿಶ್ವವಿದ್ಯಾಲಯ, 1988ರಲ್ಲಿ ತಾಂತ್ರಿಕ ಕಾಲೇಜುಗಳು, 1998ರಲ್ಲಿ ಮೊದಲಿಗೆ ಹೆಣ್ಣುಮಕ್ಕಳಿಗಾಗಿಯೇ ತೆರೆದ ಜಾಯೆದ್ ವಿಶ್ವವಿದ್ಯಾಲಯ. ಇಂದು ಅಲ್ಲಿ ಪದವಿ ಪಡೆಯುವ ಸ್ಥಳೀಯರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಅಜ್ಜಿಗೆ ಓದು ಬಾರದು, ತಾಯಿ ಹೈಸ್ಕೂಲು, ಮಗಳು ಎಂ.ಬಿ.ಎ. ಇಷ್ಟು ಅವಸರದ ನಡಿಗೆ ಜಗತ್ತಿನಲ್ಲಿ ಹೆಚ್ಚು ಕಡೆ ನಡೆದಿಲ್ಲ.

ಓದಿದ ಹುಡುಗಿಗೆ ಮುಂದೇನು? ಅಲ್ಲಿಯೂ ಮೊದಲ ಉತ್ತರ ನಮ್ಮದೇ: ಸರಕಾರಿ ಕೆಲಸ. ಸಂಬಳ ಹೆಚ್ಚು, ಗಂಟೆ ಕಡಿಮೆ, ಹೆರಿಗೆ ರಜೆ ಸುಮಾರು ಮೂರು ತಿಂಗಳು. ಖಾಸಗಿ ಕಂಪೆನಿಗಳಲ್ಲಾದರೋ 2022ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ಮೇಲೂ ಹೆರಿಗೆ ರಜೆ 60 ದಿನ, ಅದರಲ್ಲಿ ಪೂರ್ತಿ ಸಂಬಳ 45 ದಿನಕ್ಕೆ. ಕೆಲಸದ ಹೊತ್ತೂ ದೀರ್ಘ. ಇತ್ತ ಸರಕಾರಿ ಕುರ್ಚಿಗಳಿಗೋ ಒಂದು ಮಿತಿ ಉಂಟು. ಹತ್ತು ಜನರಲ್ಲಿ ಸುಮಾರು ಒಬ್ಬರಷ್ಟೇ ಸ್ಥಳೀಯರಿರುವ ನಾಡಾದರೂ ವರ್ಷ ವರ್ಷವೂ ಹೊರಬರುವ ಪದವೀಧರೆಯರೆಲ್ಲರಿಗೂ ಕುರ್ಚಿ ಒದಗಿಸುವುದು ಸರಕಾರಕ್ಕೆ ಭಾರವಾಗಿದೆ. ದೊಡ್ಡ ಖಾಸಗಿ ಕಂಪೆನಿಗಳು ಸ್ಥಳೀಯರನ್ನು ಸೇರಿಸಿಕೊಳ್ಳಲೇಬೇಕೆಂದು 2022ರಿಂದ ಬಿಗಿ ಮಾಡಿದ್ದು ಇದಕ್ಕಾಗಿಯೇ. ಒಂದು ಬಾಗಿಲು ಇಕ್ಕಟ್ಟು, ಇನ್ನೊಂದು ಬಾಗಿಲು ಒಪ್ಪಿಗೆಯಿಲ್ಲ. ಆಗ ಹುಡುಗಿ ಮೂರನೆಯ ಬಾಗಿಲನ್ನು ತಾನೇ ತೆರೆಯುತ್ತಾಳೆ. ಇದು ಒಂದು ಕಾರಣ. ಆದರೆ ಇದೇ ಮುಖ್ಯ ಕಾರಣವೆನ್ನಲು ನಾವು ಸಿದ್ಧರಿಲ್ಲ. ಯಾಕೆಂದರೆ ಸರಕಾರಿ ಕುರ್ಚಿ ಸಿಕ್ಕಿದವರೂ ಸಂಜೆ ಹೊತ್ತಿಗೆ ವ್ಯಾಪಾರ ಮಾಡುತ್ತಾರೆ, ಕೆಲವರು ಕುರ್ಚಿ ಬಿಟ್ಟೂ ಮಾಡುತ್ತಾರೆ.

ಹಣದ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಸ್ಲಾಮೀ ಕಾನೂನಿನಂತೆ ಹೆಂಡತಿ ಮಕ್ಕಳನ್ನು ಸಾಕುವ ಹೊಣೆ ಗಂಡನದು. ಹೆಂಡತಿಯ ಆಸ್ತಿಯೂ ಸಂಪಾದನೆಯೂ ಅವಳ ಸ್ವಂತದ್ದು. ಮದುವೆಯಾದ ಮಾತ್ರಕ್ಕೆ ಗಂಡನಿಗೆ ಅದರ ಮೇಲೆ ಹಕ್ಕು ಬರುವುದಿಲ್ಲ. ಮದುವೆಯ ಮೇಲೆ ಅವಳು ತಂದೆಯ ಮನೆತನದ ಹೆಸರನ್ನು ಬದಲಿಸುವುದೂ ಇಲ್ಲ. ಇದನ್ನು ಕೇಳಿ ನಮ್ಮ ಕಡೆಯ ಅಳಿಯಸಂತಾನದ ಮನೆಗಳು ನೆನಪಾದುವು. ಅಲ್ಲಿಯೂ ಆಸ್ತಿ ಹೆಣ್ಣಿನ ಕವಲಿನಲ್ಲಿಯೇ ಇಳಿದು ಬರುತ್ತಿತ್ತು. ಯಜಮಾನಿಕೆ ಮಾತ್ರ ಹೆಚ್ಚಾಗಿ ಮಾವನ ಕೈಯಲ್ಲಿ. ಕಾಗದದ ಹಕ್ಕಿಗೂ ಕೀಲಿಕೈಗೂ ಇರುವ ಅಂತರ ಎಲ್ಲ ಕಡೆಯೂ ಒಂದೇ. ಎಮಿರಾತಿ ಹೆಣ್ಣಿಗೆ ಹಕ್ಕು ಹಿಂದೆಯೂ ಇತ್ತು. ವ್ಯಾಪಾರವೆಂಬುದು ಅವಳು ಆ ಹಕ್ಕಿನ ಕೀಲಿಕೈಯನ್ನು ಕೈಗೆ ತೆಗೆದುಕೊಳ್ಳುವ ದಾರಿ. ಪ್ರವಾದಿಯವರ ಪತ್ನಿ ಖದೀಜಾ ಸ್ವತಃ ದೊಡ್ಡ ವ್ಯಾಪಾರಸ್ಥೆಯಾಗಿದ್ದರೆಂಬುದನ್ನು ಆ ನಾಡಿನ ಹೆಂಗಸರು ಮತ್ತೆ ಮತ್ತೆ ನೆನೆಯುತ್ತಾರೆ. ಮನೆಯ ಹಿರಿಯರು ಆಕ್ಷೇಪಿಸಿದರೆ ಕೊಡಲು ಅದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ಇನ್ನು ಅವರು ಮಾಡುವ ವ್ಯಾಪಾರಗಳನ್ನು ನೋಡೋಣ; ನಮಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ ಇದು. ಅಬಾಯ, ಅಂದರೆ ನಮ್ಮೂರಲ್ಲಿ ಪರ್ದಾ ಎನ್ನುವ ಕಪ್ಪು ನಿಲುವಂಗಿ, ಇದರ ವಿನ್ಯಾಸ ಮತ್ತು ಮಾರಾಟ. ಅತ್ತರು, ಊದ್, ಮನೆಗೆ ಹೊಗೆಯಿಡುವ ಬಖೂರ್. ಖರ್ಜೂರದ ಸಿಹಿ, ಕೇಕು, ಹಬ್ಬದ ಅಡುಗೆ. ಹೆಂಗಸರ ಬ್ಯೂಟಿ ಪಾರ್ಲರು. ಮದುವೆಯ ಅಲಂಕಾರ, ಮದುವೆಯ ಫೋಟೋ. ಫೋಟೋದ ವಿಚಾರವನ್ನೇ ತೆಗೆದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಗಂಡಸರ ಕೂಟ ಬೇರೆ, ಹೆಂಗಸರ ಕೂಟ ಬೇರೆ. ಹೆಂಗಸರ ಚಪ್ಪರಕ್ಕೆ ಗಂಡಸು ಫೋಟೋಗ್ರಾಫರನನ್ನು ಬಿಡುವಂತಿಲ್ಲ. ಅಂದ ಮೇಲೆ ಕ್ಯಾಮರಾ ಹಿಡಿಯುವವಳು, ದೀಪ ಹಚ್ಚುವವಳು, ವೇದಿಕೆ ಸಿಂಗರಿಸುವವಳು, ಉಣಬಡಿಸುವವಳು ಎಲ್ಲರೂ ಹೆಂಗಸರೇ ಆಗಬೇಕು. ಹೊರಗಿನಿಂದ ನೋಡುವ ನಾವು ಗೋಡೆ ಎನ್ನುವುದನ್ನು ಅವಳು ಅಂಗಡಿಯ ಗೋಡೆಯಾಗಿ ಮಾಡಿಕೊಂಡಿದ್ದಾಳೆ. ಗಂಡಸು ಪೈಪೋಟಿಗೆ ಬರಲಾಗದ ಪೇಟೆ ಅದು. ಅಬಾಯದ ಕಥೆಯೂ ಹಾಗೆಯೇ. ದೂರದಿಂದ ಎಲ್ಲವೂ ಒಂದೇ ಕಪ್ಪು. ಉಡುವವಳಿಗೆ ಮಾತ್ರ ಬಟ್ಟೆಯ ತೂಕ, ತೋಳಿನ ಅಗಲ, ಅಂಚಿನ ಕಸೂತಿ ಗೊತ್ತು. ಆ ತಿಳುವಳಿಕೆಗೆ ಬೆಲೆಯುಂಟೆಂದು ಅವಳಿಗೆ ಹೊಳೆದ ದಿನ ಅಂಗಡಿ ಹುಟ್ಟಿತು.

ಸರಕಾರವೂ ದಾರಿಯನ್ನು ಸುಲಭ ಮಾಡಿತು. ಅಬುಧಾಬಿಯಲ್ಲಿ ‘ಮುಬ್ದಿಯಾ’ ಎಂಬ ಪರವಾನಗಿ, ದುಬಾಯಿಯಲ್ಲಿ ‘ಇಂತಿಲಾಕ್’. ಇವುಗಳಿಂದ ಕಟ್ಟಡ ಬಾಡಿಗೆಗೆ ಹಿಡಿಯದೆ ಮನೆಯಿಂದಲೇ ವ್ಯಾಪಾರ ನಡೆಸಬಹುದು. 2002ರಲ್ಲಿ ದುಬಾಯಿಯ ಮಹಿಳಾ ವ್ಯಾಪಾರಸ್ಥರ ಮಂಡಳಿ, 2007ರಲ್ಲಿ ಅಬುಧಾಬಿಯ ಖಲೀಫಾ ನಿಧಿ. ಮೊಬೈಲಿನ ಇನ್‌ಸ್ಟಾಗ್ರಾಂ ಬಂದ ಮೇಲಂತೂ ಅಂಗಡಿಯ ಬಾಗಿಲು ಅಂಗೈಗೇ ಬಂತು. ಮಗುವನ್ನು ಮಲಗಿಸಿ ರಾತ್ರಿ ಹತ್ತರ ಮೇಲೆ ಗಿರಾಕಿಗಳಿಗೆ ಉತ್ತರ ಬರೆಯಬಹುದು. ತನ್ನ ಹೊತ್ತು ತನ್ನ ಕೈಯಲ್ಲಿರುವುದು ಎಂಬ ಈ ಒಂದು ಅನುಕೂಲಕ್ಕಾಗಿ ಎಷ್ಟು ಹೆಂಗಸರು ಕಡಿಮೆ ಲಾಭವನ್ನೂ ಒಪ್ಪಿಯಾರು ಎಂಬುದು ನಮ್ಮ ಮನೆಯ ಹೆಂಗಸರನ್ನು ಕೇಳಿದರೂ ತಿಳಿಯುತ್ತದೆ.

ಎದುರಿಗೆ ಮಾದರಿಗಳೂ ಇದ್ದಾರೆ. ಶಾರ್ಜಾದ ಅರಸು ಮನೆತನದ ಶೇಖಾ ಲುಬ್ನಾ ಅಲ್ ಕಾಸಿಮಿ ಕಂಪ್ಯೂಟರ್ ಓದಿ, 2000ದಲ್ಲಿ ‘ತೆಜಾರಿ’ ಎಂಬ ಅಂತರ್ಜಾಲ ಪೇಟೆಯನ್ನು ನಡೆಸಲು ಮೊದಲಾಗಿ, 2004ರಲ್ಲಿ ಆ ದೇಶದ ಪ್ರಥಮ ಮಹಿಳಾ ಮಂತ್ರಿಯಾದರು. ಅಬುಧಾಬಿಯ ಅಝ್ಝಾ ಅಲ್ ಕುಬೈಸಿ ಲಂಡನಿನಲ್ಲಿ ಆಭರಣ ಕಲೆ ಕಲಿತು ಬಂದು ಖರ್ಜೂರದ ಮರವನ್ನೂ ಆಭರಣಕ್ಕೆ ಸೇರಿಸಿಕೊಂಡರು. ನಮಗೆ ಹೆಚ್ಚು ಪ್ರಿಯರಾದವರು ರಾಜಾ ಅಲ್ ಗುರ್ಗ್. ದುಬಾಯಿಯ ದೊಡ್ಡ ವ್ಯಾಪಾರೀ ಮನೆತನದ ಮಗಳಾದ ಇವರು ಮೊದಲು ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ! ಅನಂತರ ತಂದೆಯ ಉದ್ಯಮ ಸೇರಿ ಅದರ ಚುಕ್ಕಾಣಿ ಹಿಡಿದರು. ಶಾಲೆ ನಡೆಸಿದವರಿಗೆ ಕಂಪೆನಿ ನಡೆಸುವುದು ಕಷ್ಟವಲ್ಲವೆಂದು ನಾವು ಬಹಳ ದಿನಗಳಿಂದ ಹೇಳುತ್ತಲೇ ಇದ್ದೇವೆ, ಕೇಳುವವರಿರಲಿಲ್ಲ. ತಮಾಷೆ ಹಾಗಿರಲಿ, ಇವರಲ್ಲಿ ಹಲವರು ದೊಡ್ಡ ಮನೆತನದವರು ಎಂಬುದನ್ನು ಮರೆಯಬಾರದು. ಫುಜೈರಾದ ಬೆಟ್ಟದ ಹಳ್ಳಿಯಲ್ಲಿ ಜೇನು ತುಪ್ಪ, ಉಪ್ಪಿನಕಾಯಿ ಮಾರುವ ಹೆಂಗಸಿನ ದಾರಿ ಅಷ್ಟು ನುಣುಪಲ್ಲ.

ಸಂದೇಹಗಳೂ ಇವೆ, ಮುಚ್ಚಿಡುವುದು ಸರಿಯಲ್ಲ. ಬಹುಮಾನ, ಸಮ್ಮೇಳನ, ಆಗಸ್ಟ್ 28ರ ಮಹಿಳಾ ದಿನ ಇವುಗಳಲ್ಲಿ ಸರಕಾರದ ಮೆರವಣಿಗೆಯ ಪಾಲು ಸಾಕಷ್ಟಿದೆ. ಹೆಂಡತಿಯ ಹೆಸರಿನಲ್ಲಿ ಪರವಾನಗಿ, ವ್ಯವಹಾರ ಗಂಡನದು ಎಂಬಂಥ ಅಂಗಡಿಗಳು ಯಾವ ದೇಶದಲ್ಲಿ ಇಲ್ಲ? ನಮ್ಮ ಪಂಚಾಯತುಗಳಲ್ಲಿ ಮೀಸಲು ಸ್ಥಾನದ ಸದಸ್ಯೆಯ ಗಂಡ ಸಭೆಯ ಹೊರಗೆ ಕಾದು ಕುಳಿತಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ವಿದೇಶೀಯರು ಅಲ್ಲಿ ಪೇಟೆಯಲ್ಲಿ ಕಂಪೆನಿ ಮಾಡಬೇಕಾದರೆ ನೂರಕ್ಕೆ 51 ಪಾಲು ಸ್ಥಳೀಯರ ಹೆಸರಿನಲ್ಲಿ ಇರಬೇಕಿತ್ತು. ಹೆಸರು ಕೊಟ್ಟು ವರ್ಷಕ್ಕಿಷ್ಟು ಎಂದು ಪಡೆಯುತ್ತಿದ್ದ ‘ಅರಬಾಬ್’ರನ್ನು ನಮ್ಮ ಗಲ್ಫಿನವರು ಚೆನ್ನಾಗಿ ಬಲ್ಲರು. 2021ರಲ್ಲಿ ಹೆಚ್ಚಿನ ವ್ಯಾಪಾರಗಳಿಗೆ ಆ ಕಟ್ಟುಪಾಡನ್ನು ತೆಗೆದರು. ಬರಿಯ ಹೆಸರಿಗೆ ಸಿಗುತ್ತಿದ್ದ ಬೆಲೆ ಇಳಿಯಿತು. ಇನ್ನು ಕೆಲಸ ಬಲ್ಲವರಿಗೇ ಬೆಲೆ. ಇದು ಒಳ್ಳೆಯದಕ್ಕೇ ಆಯಿತೆಂದು ನಮ್ಮ ಮತ.

ಮತ್ತೊಂದು ಮಾತು. ಅವಳ ಅಂಗಡಿಯಲ್ಲಿ ಹೊಲಿಯುವವನು, ಅವಳ ಸರಕು ಹೊತ್ತು ಓಡಾಡುವ ಡ್ರೈವರ್, ಅವಳ ಮನೆಯಲ್ಲಿ ಮಗುವನ್ನು ಎತ್ತಿಕೊಂಡಿರುವ ಹೆಂಗಸು, ಇವರೆಲ್ಲ ನಮ್ಮ ಕಡೆಯವರು ಅಥವಾ ನಮ್ಮಂಥ ಬೇರೆ ಬಡದೇಶಗಳವರು. ಅವಳಿಗೆ ಸಿಕ್ಕಿದ ಬಿಡುವು ಇನ್ನೊಬ್ಬ ತಾಯಿ ತನ್ನ ಮಗುವನ್ನು ಬಿಟ್ಟು ಬಂದುದರಿಂದ ಸಿಕ್ಕಿದ್ದು. ಇದು ಅವಳ ಸಾಧನೆಯನ್ನು ಅಳಿಸಿ ಹಾಕುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಈ ಬಾಬತ್ತೂ ಇರಬೇಕು.

ಹಾಗಾದರೆ ಅವಳಿಗೆ ಬೇಕಾದ್ದೇನು? ನಮಗೆ ತೋಚಿದ್ದನ್ನು ಒಂದು ಸಣ್ಣ ವಿವರದಿಂದ ಹೇಳುತ್ತೇವೆ. ಆ ನಾಡಿನ ಹಲವು ಕುಟುಂಬಗಳಲ್ಲಿ ಮದುವೆಯ ಕರೆಯೋಲೆಯಲ್ಲಿ ವರನ ಹೆಸರು ಇರುತ್ತದೆ. ವಧುವಿನ ಹೆಸರು ಇರುವುದಿಲ್ಲ, ‘ಇಂಥವರ ಸುಪುತ್ರಿ’ ಎಂದಷ್ಟೇ ಇರುತ್ತದೆ. ಪರಪುರುಷರ ಬಾಯಲ್ಲಿ ಹೆಣ್ಣಿನ ಹೆಸರು ಬರಬಾರದೆಂಬ ಹಳೆಯ ಮರ್ಯಾದೆ. ಅಂಥ ನಾಡಿನಲ್ಲಿ ಅಬಾಯದ ಅಂಗಡಿಯ ಹಲಗೆಯ ಮೇಲೆ, ಅತ್ತರಿನ ಸೀಸೆಯ ಮೇಲೆ ಒಬ್ಬಳು ತನ್ನ ಹೆಸರನ್ನೇ ಬರೆಸಿದರೆ ಅದರ ಅರ್ಥ ದೊಡ್ಡದು. ಸರಕಾರಿ ಕುರ್ಚಿ ಸಂಬಳ ಕೊಡುತ್ತದೆ, ಹೆಸರು ಕೊಡುವುದಿಲ್ಲ. ಗಂಡನ ಹಣ ಸುಖ ಕೊಡುತ್ತದೆ, ತಾನು ತೂಗಿ ಬಾಳಬಲ್ಲೆನೇ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಹೊತ್ತು ಹೋಗದೆ ಮಾಡುವವರೂ ಕೆಲವರಿರಬಹುದು. ಆದರೆ ಹೊತ್ತು ಕಳೆಯಲು ಬಂದವಳು ಮೊದಲ ನಷ್ಟಕ್ಕೇ ಬಾಗಿಲು ಹಾಕುತ್ತಾಳೆ. ಎರಡನೆಯ ವರ್ಷವೂ ಬಾಗಿಲು ತೆರೆದವಳಿಗೆ ಬೇರೇನೋ ಬೇಕಾಗಿದೆ.

ಇದನ್ನು ನಾವು ಇಷ್ಟು ಉದ್ದ ಬರೆಯಲು ಕಾರಣವಿದೆ. ನಮ್ಮ ಕನ್ನಡ ಶಾಲೆಗಳಿಂದ ಹತ್ತನೆಯ ತರಗತಿ ಮುಗಿಸಿ ಹೋಗುವ ಹೆಣ್ಣುಮಕ್ಕಳಿಗೆ ನಾವು ಅಧ್ಯಾಪಕರೂ ತಾಯ್ತಂದೆಯರೂ ಸೇರಿ ತೋರಿಸುವ ದಾರಿ ಒಂದೇ: ಪಿ.ಎಸ್.ಸಿ. ಪರೀಕ್ಷೆ ಬರೆ, ಕನ್ನಡ ಬಲ್ಲವರ ಹುದ್ದೆಗೆ ಕಾದಿರು. ರ‍್ಯಾಂಕ್ ಪಟ್ಟಿಯ ಅವಧಿ ಮುಗಿಯುತ್ತದೆ, ಹುಡುಗಿಯ ಪ್ರಾಯ ಮೀರುತ್ತದೆ, ಮದುವೆಯಾಗುತ್ತದೆ. ಗಲ್ಫಿನಿಂದ ಬಂದ ಹಣ ಮನೆಯಾಗುತ್ತದೆ, ಚಿನ್ನವಾಗುತ್ತದೆ, ಗಂಡುಮಗನ ಅಂಗಡಿಯಾಗುತ್ತದೆ. ಮಗಳಿಗೆ ಒಂದು ಕಸುಬು ಹೂಡಲು ಅದರಲ್ಲಿ ಒಂದು ಪಾಲು ಎಂಬ ಮಾತನ್ನು ನಾವು ಕೇಳಿದ್ದು ತೀರ ಅಪರೂಪ.

ಕಳೆದ ರಜೆಯಲ್ಲಿ ಊರಿಗೆ ಬಂದಿದ್ದ ಹೆತ್ತವರೊಬ್ಬರು ಶಾಲೆಗೆ ಬಂದಿದ್ದರು. ಶಾರ್ಜಾದಲ್ಲಿ ಅಬಾಯ ಹೊಲಿಯುವುದು ಅವರ ಕೆಲಸ, ಒಡತಿ ಅಲ್ಲಿಯವಳೇ. ಹಗಲು ಅವಳಿಗೆ ಆಫೀಸು, ರಾತ್ರಿ ಬಂದು ಒಂದೊಂದು ಹೊಲಿಗೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾಳಂತೆ, ಸರಿಯಿಲ್ಲದಿದ್ದರೆ ಬಿಚ್ಚಿಸುತ್ತಾಳಂತೆ. ಅವಳ ಮೇಲೆ ಅವರಿಗೆ ಸಿಟ್ಟೂ ಇತ್ತು, ಗೌರವವೂ ಇತ್ತು. ಅವರ ಮಗಳು ನಮ್ಮ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನೋಟು ಪುಸ್ತಕದ ಕೊನೆಯ ಹಾಳೆಗಳ ತುಂಬ ಉಡುಪಿನ ಚಿತ್ರಗಳು. ಅಪ್ಪನ ಕೈ ಮಗಳಿಗೂ ಬಂದಿದೆ, ಮುಂದೆ ಅವಳಿಗೊಂದು ಅಂಗಡಿ ಇಟ್ಟು ಕೊಡಬಾರದೇ ಎಂದು ಕೇಳಿದೆವು.

ಅವರು ಸ್ವಲ್ಪ ಹೊತ್ತು ಆ ಚಿತ್ರಗಳನ್ನೇ ನೋಡಿದರು. “ಮಾಷ್ಟ್ರೇ, ಅವಳು ಬಿದ್ದರೆ ಹಿಡಿಯಲಿಕ್ಕೆ ಅವಳಿಗೆ ಸರಕಾರ ಉಂಟು, ಗಂಡನ ಮನೆ ಉಂಟು, ಅಪ್ಪನ ಮನೆಯೂ ಉಂಟು. ನನ್ನ ಮಗಳು ಬಿದ್ದರೆ ನಾನೊಬ್ಬನೇ. ನಾನು ಅಲ್ಲಿ ಇರುವವ” ಎಂದರು. ಮತ್ತೆ ನೋಟು ಪುಸ್ತಕವನ್ನು ಮುಚ್ಚಿ, “ಆದರೆ ಇವಳ ತೋಳಿನ ಅಳತೆ ಸರಿ ಉಂಟು” ಎಂದರು.